ಗುಡ್ಡೆಯ ನೀರನ್ನು ಎರಡು ತಿಂಗಳು ತಡಮಾಡಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅಂದರೆ ಒಂದು ಎಕರೆ ಜಾಗದ ಮೇಲೆ ಹತ್ತಿರಹತ್ತಿರ 1.4 ಕೋಟಿ ಲೀಟರ್ ನೀರು ಬೀಳುತ್ತದೆ. ಇಷ್ಟಾದರೂ ಮಾರ್ಚ್ ಕಳೆಯಿತೆಂದರೆ ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆಯ ಗುಡ್ಡೆಮನೆಗಳಲ್ಲಿ ಕೊಡಪಾನ ಸಾಲು ನಿಲ್ಲುತ್ತದೆ, ತೋಟದ ಪಂಪು ಅರ್ಧ ಗಂಟೆಗೇ ಗಾಳಿ ಎಳೆಯುತ್ತದೆ. ಮಳೆ ಸಾಲದೆ ಹೀಗಾಗುವುದಲ್ಲ. ನಮ್ಮ ನೆಲದ ಮೇಲ್ಪದರ ಮುರಕಲ್ಲು (ಕೆಂಪುಕಲ್ಲು), ಅದರ ಅಡಿಯಲ್ಲಿ ಮೆತ್ತಗಿನ ಜೇಡಿ. ಮುರಕಲ್ಲಿನ ತೂತುಗಳಲ್ಲಿ ನೀರು ಸರಸರನೆ ಇಳಿಯುತ್ತದೆ, ಜೇಡಿ ತಾಗಿದ ಮೇಲೆ ಅಡ್ಡಕ್ಕೆ ತಿರುಗಿ ಗುಡ್ಡೆಯ ಬುಡದ ತೋಡಿಗೆ (ಸಣ್ಣ ಹಳ್ಳಕ್ಕೆ) ಬಂದುಬಿಡುತ್ತದೆ. ಚಂದ್ರಗಿರಿಯನ್ನು ಬಿಟ್ಟರೆ ಇಲ್ಲಿಯ ಹೆಚ್ಚಿನ ಹೊಳೆಗಳು ಗಿಡ್ಡ. ತೋಡಿಗಿಳಿದ ನೀರಿಗೆ ಕಡಲು ಸೇರಲು ಬಹಳ ಹೊತ್ತು ಬೇಡ. ಒಂದೇ ಮಳೆಗೆ ಬಾವಿ ಆಳೆತ್ತರ ಏರುವುದೂ ನಾಲ್ಕು ಬಿಸಿಲಿಗೆ ಅಷ್ಟೇ ಇಳಿಯುವುದೂ ಇದೇ ಕಾರಣಕ್ಕೆ.

ಹಾಗಾಗಿ ಇಲ್ಲಿ ನೀರಿನ ಕೆಲಸ ಎಂದರೆ ಮಳೆಯನ್ನೆಲ್ಲ ಹಿಡಿದಿಡುವುದಲ್ಲ, ಅದು ಯಾರಿಂದಲೂ ಆಗದು. ಫೆಬ್ರವರಿಯಲ್ಲಿ ನಿಲ್ಲುವ ತೋಡು ಎಪ್ರಿಲಿನಲ್ಲಿ ನಿಲ್ಲುವಂತೆ ಮಾಡುವುದು, ಎರಡು ತಿಂಗಳು ತಡಮಾಡಿಸುವುದು, ಇಷ್ಟೇ ಗುರಿ. ಈ ಗುರಿ ಸ್ಪಷ್ಟವಾದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಕೆಲಸದ ಕ್ರಮ ಮಾತ್ರ ಯಾವಾಗಲೂ ಮೇಲಿನಿಂದ ಕೆಳಕ್ಕೆ: ಮನೆಯ ಮಾಡು (ಛಾವಣಿ), ಗುಡ್ಡೆಯ ತಲೆ, ಇಳಿಜಾರು, ತೋಟ, ತೋಡು. ಪ್ಲಾಸ್ಟಿಕ್ ಹಾಳೆಯ ಕೆರೆಯಿಂದಲೋ ಕೊಳವೆಬಾವಿಯಿಂದಲೋ ಶುರು ಮಾಡುವವರು ಈ ಕ್ರಮವನ್ನು ತಲೆಕೆಳಗೆ ಮಾಡುತ್ತಾರೆ.

ಮೊದಲು ಅಳತೆ

ಒಂದು ವರ್ಷ ಅಳೆಯದೆ ದೊಡ್ಡ ಖರ್ಚಿಗೆ ಇಳಿಯಬೇಡಿ. ಬೇಕಾದದ್ದು ನಾಲ್ಕು ಲೆಕ್ಕ.

ಮಳೆ: ಬದಿ ನೇರವಾಗಿರುವ ಯಾವ ಡಬ್ಬವೂ ಆದೀತು. ಮರ, ಮಾಡು ಯಾವುದರ ಮರೆಯೂ ಇಲ್ಲದ ಕಡೆ ಇಟ್ಟು, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಸ್ಕೇಲಿನಿಂದ ನೋಡಿ ಡೈರಿಯಲ್ಲಿ ಬರೆಯಿರಿ. ಹವಾಮಾನ ಇಲಾಖೆಯವರು ನೋಡುವುದು 8.30ಕ್ಕೆ. ನೀವೂ ಅದೇ ಹೊತ್ತು ಇಟ್ಟುಕೊಂಡರೆ ಹೋಲಿಸಲು ಸುಲಭ. ನಮ್ಮ ಕಡೆ ಮಳೆಲೆಕ್ಕ ಬರೆದಿಡುವ ಕೃಷಿಕರಿಗೇನೂ ಬರವಿಲ್ಲ. ನೆರೆಮನೆಯಲ್ಲಿ ಹಳೆಯ ಡೈರಿ ಇದ್ದರೆ ಕೇಳಿ ನೋಡಿ, ಚಹಾದೊಂದಿಗೆ ಮೂವತ್ತು ವರ್ಷದ ಲೆಕ್ಕವೂ ಸಿಕ್ಕೀತು.

ಬಾವಿ: ಪ್ರತಿ ತಿಂಗಳ ಒಂದನೇ ತಾರೀಕು, ಬೆಳಗ್ಗೆ ಪಂಪು ಹಾಕುವ ಮೊದಲು, ಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆಯಿರಿ. ಕೋಲಿನ ಲೆಕ್ಕವೋ ಅಡಿಯ ಲೆಕ್ಕವೋ, ಯಾವುದಾದರೂ ಒಂದೇ ಇರಲಿ.

ತೋಡು: ಗುರುತಿನ ಒಂದು ಕಲ್ಲು ನೋಡಿಟ್ಟುಕೊಂಡು, ಅಲ್ಲಿ ಹರಿವು ಯಾವತ್ತು ನಿಂತಿತು ಎಂದು ಬರೆಯಿರಿ. ನೀವು ಮಾಡಿದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂದು ಮುಂದೆ ಹೇಳುವುದು ಈ ತಾರೀಕೇ.

ಸುರಂಗ (ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಬಾವಿ) ಅಥವಾ ಒಸರು ಇದ್ದರೆ: ಕೆಳಗೆ ಬಕೆಟು ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಹತ್ತು ಸೆಕೆಂಡಿಗೆ ಒಂದು ಲೀಟರ್ ಅಂದರೆ ಕಣ್ಣಿಗೆ ಏನೂ ಅಲ್ಲ, ಬೆರಳಿಗಿಂತ ಸಪೂರದ ಧಾರೆ. ಆದರೆ ದಿನಕ್ಕೆ 8,640 ಲೀಟರ್ ಆಯಿತು.

ಈ ಅಂಕಿಯನ್ನು ತೋಟದ ಬೇಡಿಕೆಯ ಪಕ್ಕದಲ್ಲಿಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ, ನಮ್ಮ ಬಾಯಿಯಲ್ಲಿ ಸಿಪಿಸಿಆರ್‌ಐಯ, ಶಿಫಾರಸು. 16ರ ಲೆಕ್ಕ ಹಿಡಿದರೆ ಎಕರೆಗೆ ದಿನಕ್ಕೆ 8,800 ಲೀಟರ್. ಬೆರಳಿಗಿಂತ ಸಪೂರದ ಆ ಧಾರೆಯನ್ನು ರಾತ್ರಿಯೂ ಪೋಲಾಗದಂತೆ ಹಿಡಿದರೆ ಒಂದು ಎಕರೆ ತೋಟ ಬದುಕುತ್ತದೆ. ಹಳಬರು ಸುರಂಗದ ಬಾಯಿಯ ಎದುರೇ ಮಣ್ಣಿನ ಕೆರೆ ಕಟ್ಟಿಕೊಳ್ಳುತ್ತಿದ್ದ ಗುಟ್ಟು ಇಷ್ಟೇ.

ಕುಡಿಯುವ ನೀರು ಮಾಡಿನಿಂದ

ಕುಡಿಯುವ ನೀರನ್ನೂ ತೋಟದ ನೀರನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ. ಬೆರೆಸಿದರೆ ಬೇಸಿಗೆಯಲ್ಲಿ ಗೆಲ್ಲುವುದು ಯಾವಾಗಲೂ ತೋಟ.

ಸಾವಿರ ಚದರ ಅಡಿಯ ಮಾಡು ಅಂದರೆ 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಚೆಲ್ಲಿ ಹೋಗುವುದನ್ನು ಕಳೆದರೂ ವರ್ಷಕ್ಕೆ 2.6 ಲಕ್ಷ ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಅಡುಗೆಗೂ ಕುಡಿಯಲಿಕ್ಕೂ ತಲೆಗೆ 10 ಲೀಟರಿನಂತೆ ಫೆಬ್ರವರಿಯಿಂದ ಮೇವರೆಗೆ ಬೇಕಾಗುವುದು 6,000 ಲೀಟರ್. ನೆಂಟರು, ಪೂಜೆ, ತಡವಾಗುವ ಮುಂಗಾರು ಎಲ್ಲ ಸೇರಿಸಿ 10,000 ಲೀಟರಿನ ಟ್ಯಾಂಕಿ ಇದ್ದರೆ ಧಾರಾಳ.

ಮಾಡಿನ ಅಂಚಿಗೆ ದಂಬೆ ಕಟ್ಟಿ. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದಂಬೆ ಆಯಿತು. ಹತ್ತು ಅಡಿಗೆ ಒಂದು ಇಂಚು ಇಳಿಜಾರು ಕೊಡಿ. ಕೆಳಗಿಳಿಯುವ ಪೈಪು ನಾಲ್ಕು ಇಂಚಿಗಿಂತ ಸಣ್ಣದು ಬೇಡ, ಆಟಿಯ (ಜುಲೈ-ಆಗಸ್ಟಿನ) ಮಳೆಗೆ ಎರಡು ಇಂಚಿನ ಪೈಪು ಏನಕ್ಕೂ ಸಾಲದು. ಇಳಿಪೈಪಿನಲ್ಲಿ ಒಂದು ‘ಟಿ’ ಹಾಕಿ ಅದರ ಒಂದು ಬಾಯಿಗೆ ಬಿಚ್ಚುವ ಮುಚ್ಚಳ ಇಡಿ. ಜೂನಿನ ಮೊದಲ ಮಳೆಗಳಲ್ಲಿ ಮುಚ್ಚಳ ಬಿಚ್ಚಿಟ್ಟು ನೀರನ್ನು ಹೊರಗೆ ಬಿಡಿ. ಮಾಡಿನ ಮೇಲಿನ ಧೂಳು, ಬಾವಲಿಯ ಹಿಕ್ಕೆ, ಎಲೆಯ ಕಸ ತೊಳೆದುಹೋಗಲಿ. ನಡುವೆ ನಾಲ್ಕೈದು ದಿನ ಬಿಸಿಲು ಬಂದರೆ ಮುಂದಿನ ಮಳೆಯ ಮೊದಲ ಹತ್ತು ನಿಮಿಷವೂ ಹಾಗೆಯೇ.

ಅಡಿಕೆ ಬೆಳೆಯುವ ಮನೆಗಳಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವುದು ಮಳೆಗಾಲದ ಬಾಗಿಲಲ್ಲಿ, ಮತ್ತೆ 40–45 ದಿನ ಕಳೆದು. ಮನೆಗೆ ತಾಗಿ ಮರಗಳಿದ್ದರೆ ಮೈಲುತುತ್ತಿನ ಹನಿ ಮಾಡಿನ ಮೇಲೂ ಬೀಳುತ್ತದೆ. ಔಷಧಿ ಹೊಡೆಯುವ ದಿನ ಮುಚ್ಚಳ ಬಿಚ್ಚಿಡಿ, ಆಮೇಲೆ ಒಂದೆರಡು ಜೋರು ಮಳೆ ಕಳೆದ ಮೇಲೆ ಹಾಕಿ.

ಸೋಸಲಿಕ್ಕೆ 200 ಲೀಟರಿನ ಡ್ರಮ್ಮಿನಲ್ಲಿ ಅಡಿಯಿಂದ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮೇಲೆ ಮರಳು, ಪದರಪದರಕ್ಕೂ ನೈಲಾನ್ ಬಲೆ ಹಾಕುವ ವಿಧಾನ ಎಲ್ಲರಿಗೂ ಗೊತ್ತು. ಅದನ್ನು ಪ್ರತಿವರ್ಷ ತೆಗೆದು ತೊಳೆಯುವವರು ಮಾತ್ರ ಮಾಡಿ. ತೊಳೆಯದ ಡ್ರಮ್ಮು ಮೂರನೇ ವರ್ಷ ಕೆಸರಿನ ಗಡಿಗೆ. ಹಂಚಿನ ಮಾಡಿಗೆ, ತಾರಸಿಯ ಮೇಲಿನ ಶೀಟಿಗೆ ಎರಡು ಮಡಿಕೆಯ ಸಣ್ಣ ಕಣ್ಣಿನ ಬಲೆ ಕಟ್ಟಿ ವಾರಕ್ಕೊಮ್ಮೆ ತೊಳೆದರೆ ನನ್ನ ಮಟ್ಟಿಗೆ ಸಾಕು. ಕುಡಿಯುವ ಮೊದಲು ಕುದಿಸುವುದು ಹೇಗೂ ಇದೆಯಲ್ಲ.

ಟ್ಯಾಂಕಿಗೆ ಬೆಳಕು ಹೋಗಬಾರದು, ಹೋದರೆ ಪಾಚಿ. ಗಾಳಿಕಿಂಡಿಗೂ ತುಂಬಿ ಹೊರಚೆಲ್ಲುವ ಪೈಪಿಗೂ ಸೊಳ್ಳೆಬಲೆ ಕಟ್ಟಿ. ಹೆಚ್ಚಿನವರು ಮರೆಯುವ ವಿಷಯ ತಾರೀಕು. ಜೂನಿನಲ್ಲೇ ತುಂಬಿಸಿ ಮುಚ್ಚಿಟ್ಟು ಮೇವರೆಗೆ ಕಾಯುವ ಅಗತ್ಯವಿಲ್ಲ. ಮಳೆಗಾಲವಿಡೀ ಬಳಸಿ, ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಿ ಉಜ್ಜಿ ತೊಳೆದು, ಕೊನೆಯ ಭರ್ತಿಯನ್ನು ಹಿಂಗಾರಿನ ಸಂಜೆಮಳೆಯಿಂದ ಮಾಡಿ. ಅಷ್ಟು ಹೊತ್ತಿಗೆ ಮಾಡು ನಾಲ್ಕು ತಿಂಗಳು ತೊಳೆದು ಚೊಕ್ಕವಾಗಿರುತ್ತದೆ. 150 ಮಿ.ಮೀ. ಮಳೆ ಬಂದರೂ ಟ್ಯಾಂಕಿ ತುಂಬುತ್ತದೆ.

ಟ್ಯಾಂಕಿಗೆ ದುಡ್ಡಿಲ್ಲದಿದ್ದರೆ ತೆರೆದ ಬಾವಿಗೇ ಬಿಡಬಹುದು. ತೃಶ್ಶೂರು ಜಿಲ್ಲೆಯಲ್ಲಿ 2008ರಲ್ಲಿ ಶುರುವಾದ ‘ಮಳಪ್ಪೊಲಿಮ’ ಯೋಜನೆ ಮಾಡಿದ್ದು ಇದನ್ನೇ. ಪೈಪಿನ ತುದಿಯನ್ನು ನೀರಿನ ಹತ್ತಿರದವರೆಗೆ ಇಳಿಸಿ, ಮೇಲಿಂದ ಧುಮುಕಿದರೆ ಬಾವಿಯ ಗೋಡೆ ಕೊರೆಯುತ್ತದೆ. ಬೈಲಿನ ಬಾವಿಗೆ, ಕಡಲಕರೆಯ ಮರಳುನೆಲದ ಬಾವಿಗೆ ಇದರ ಲಾಭ ಚೆನ್ನಾಗಿ ಕಾಣುತ್ತದೆ. ಇಳಿಜಾರಿನ ಮುರಕಲ್ಲ ಬಾವಿಯಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಹಾಕಿದ್ದು ಅಡ್ಡಕ್ಕೆ ಜಾರುತ್ತದೆ. ಕೊಳವೆಬಾವಿಗೆ ಸೋಸದ ನೀರನ್ನು ಯಾವ ಕಾರಣಕ್ಕೂ ಇಳಿಸಬೇಡಿ.

ಗುಡ್ಡೆಯ ತಲೆ

ಗುಡ್ಡೆಯ ಮೇಲಿನ ಪಾದೆಯಲ್ಲಿ (ಬೋಳು ಬಂಡೆನೆಲದಲ್ಲಿ) ನೀರು ನಿಲ್ಲುವ ಪಳ್ಳಗಳಿವೆ, ಎರಡು ದಿಣ್ಣೆಗಳ ನಡುವೆ ಮಣ್ಣಿನ ಏರಿ ಹಾಕಿದ ಮದಕಗಳಿವೆ. ಹಲವು ಈಗ ಹೂಳು ತುಂಬಿ ಆಟದ ಬಯಲಾಗಿವೆ, ಕೆಲವು ರಸ್ತೆಯ ಅಡಿಗೆ ಹೋಗಿವೆ. ಊರಿಗೊಂದು ಮದಕ ಉಳಿದಿದ್ದರೂ ಹೊಸ ಕೆರೆಗಿಂತ ಮೊದಲು ಅದನ್ನು ಹಿಡಿಯಿರಿ. ಎಪ್ರಿಲ್-ಮೇಯಲ್ಲಿ ಹೂಳು ತೆಗೆಸಿ ತೋಟಕ್ಕೆ ಹಾಕಿ, ಏರಿಯ ಮೇಲಿನ ಮರಗಳ ಬೇರು ಬಿರುಕು ಮಾಡಿದ್ದರೆ ಜೇಡಿ ತುಂಬಿ ಗುದ್ದಿ, ತುಂಬಿ ಹರಿಯುವ ಕಂಡಿಗೆ ಕಲ್ಲು ಕಟ್ಟಿ. ತಳಕ್ಕೆ ಪ್ಲಾಸ್ಟಿಕ್ ಹಾಸುವುದೋ ಸಿಮೆಂಟು ಮಾಡುವುದೋ ಬೇಡವೇ ಬೇಡ. ಮದಕ ಇರುವುದೇ ಸೋರಲಿಕ್ಕೆ. ಅದು ನವೆಂಬರಿನಲ್ಲಿ ಒಣಗಿತೆಂದು ಬೇಸರಿಸುವವರು ಕೆಳಗಿನ ಬಾವಿಗೆ ಹೋಗಿ ನೋಡಬೇಕು. ಪಂಚಾಯತಿನ ಗ್ರಾಮಸಭೆಯಲ್ಲಿ ಇಂಥ ಕೆಲಸಕ್ಕೆ ಬೇಡಿಕೆ ಇಡಬಹುದು. ಬೇಡಿಕೆ ಇಡುವಾಗ ಸರ್ವೆ ನಂಬ್ರ, ಏರಿಯ ಉದ್ದ, ಕೆಳಗಿನ ಮನೆಗಳ ಲೆಕ್ಕ ಬರೆದುಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ.

ಕಲ್ಲು ತೆಗೆದು ಬಿಟ್ಟ ಕೆಂಪುಕಲ್ಲಿನ ಕೋರೆಗಳೂ ಒಳ್ಳೆಯ ಇಂಗುಗುಂಡಿಗಳೇ. ಮೇಲಿನ ಪಾದೆಯ ನೀರು ಅದಕ್ಕೆ ತಿರುಗುವಂತೆ ಸಣ್ಣ ಕಣಿ ತೋಡಿದರೆ ಸಾಕು. ಆದರೆ ಸುತ್ತ ಗಟ್ಟಿ ಬೇಲಿ ಹಾಕದೆ ನೀರು ತುಂಬಿಸಬೇಡಿ. ನೆಟ್ಟಗೆ ಕಡಿದ ಗೋಡೆ, ಹತ್ತಿಬರಲು ಮೆಟ್ಟಿಲಿಲ್ಲ. ಮಳೆಗಾಲದಲ್ಲಿ ಮಕ್ಕಳು ಇಂಥ ಕೋರೆಗಳಲ್ಲಿ ಜೀವ ಕಳೆದುಕೊಂಡ ಸುದ್ದಿ ಹೊಸತಲ್ಲ.

ಮೇಲೆ ಏನು ಹಾಕಿದರೂ ಅದು ಕೆಳಗಿನ ಸುರಂಗದಲ್ಲಿ ಬರುತ್ತದೆ ಎಂಬುದನ್ನು ಎಣ್ಮಕಜೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಗೇರುತೋಟದ ಗುಡ್ಡೆಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಆ ಗುಡ್ಡೆಗಳ ನೀರನ್ನೇ ಕುಡಿಯುವ ಊರುಗಳ ತಲೆಯ ಮೇಲೆ. ನೀರು ಹಿಡಿಯುವ ಗುಡ್ಡೆಯಲ್ಲಿ ಕಳೆನಾಶಕ ಬೇಡ, ಕೋಳಿ ತ್ಯಾಜ್ಯದ ರಾಶಿ ಬೇಡ, ಮುಳಿಹುಲ್ಲಿಗೆ ಬೆಂಕಿಯೂ ಬೇಡ.

ಇಳಿಜಾರು, ಮತ್ತು ಎಲ್ಲಿ ಗುಂಡಿ ತೋಡಬಾರದು

ಇಳಿಜಾರಿನಲ್ಲಿ ಒಂದೇ ಮಟ್ಟದ ಗೆರೆ ಹಿಡಿದು ತಡೆ ಮಾಡಬೇಕು. ಗೆರೆ ಹಾಕಲು ಎಂಜಿನಿಯರು ಬೇಡ. ಎರಡು ಬಿದಿರಿನ ಗಳಗಳನ್ನು ಮೇಲ್ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ಮೇಲಿಂದ ಹುರಿಗೆ ಕಲ್ಲು ನೇತುಹಾಕಿ. ಎರಡು ಗೂಟದ ಮೇಲೆ ನಿಲ್ಲಿಸಿ ಹುರಿ ಅಡ್ಡಪಟ್ಟಿಗೆ ತಾಗುವಲ್ಲಿ ಗೆರೆ ಎಳೆಯಿರಿ. ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಂದು ಗೆರೆ ಎಳೆಯಿರಿ. ಎರಡರ ನಡುಮಧ್ಯವೇ ಸಮಮಟ್ಟ. ಹುರಿ ಆ ಮಧ್ಯದ ಗೆರೆಗೆ ಬರುವಂತೆ ಕಾಲಿಡುತ್ತ ಗುಡ್ಡೆಯ ಅಡ್ಡಕ್ಕೆ ಹೋದರೆ ಸಮಮಟ್ಟದ ದಾರಿ ಸಿಗುತ್ತದೆ. ಸುಣ್ಣ ಹಾಕಿ ಗುರುತು ಮಾಡಿ.

ಆ ಗೆರೆಯ ಮೇಲೆ ತೆಂಗು-ಗೇರು ತೋಟಗಳಿಗೆ ಸಿಪಿಸಿಆರ್‌ಐ ಹೇಳುವ ಗುಂಡಿ ನಮ್ಮ ನೆಲಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಒಳಗೆ ತೆಂಗಿನ ಸಿಪ್ಪೆಯನ್ನು ಹೊಟ್ಟೆ ಮೇಲಾಗುವಂತೆ ಜೋಡಿಸಿ, ಪದರದ ಮೇಲೆ ತೆಳ್ಳಗೆ ಮಣ್ಣು, ಮತ್ತೆ ಸಿಪ್ಪೆ. ತೆಗೆದ ಮಣ್ಣನ್ನು ಕೆಳಬದಿಗೆ ದಿಂಡು ಮಾಡಿ ಅದರ ಮೇಲೆ ಅನನಾಸು ನೆಡಿ. ಬೇರು ದಿಂಡನ್ನು ಹಿಡಿದುಕೊಳ್ಳುತ್ತದೆ, ಹಂದಿ ಬಿಟ್ಟರೆ ಹಣ್ಣೂ ಸಿಗುತ್ತದೆ. ಸಿಪ್ಪೆ ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚು ನೀರು ಹೀರಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ.

ಇಂಗುಗುಂಡಿ ಎಂದರೆ ಎಲ್ಲೆಲ್ಲೂ ಒಳ್ಳೆಯದೇ ಎಂಬ ಭಾವನೆ ಈಗ ಬಂದುಬಿಟ್ಟಿದೆ. ಅದು ಅಪಾಯ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿಗಿಂತ ಹೆಚ್ಚು ಏರುವ ಗುಡ್ಡೆಯಲ್ಲಿ, ಮನೆಯ ಹಿಂದಿನ ಬರೆಯ (ಕಡಿದಾದ ಮಣ್ಣುಗೋಡೆಯ) ಮೇಲೆ, ಜೆಸಿಬಿಯಲ್ಲಿ ನೆಟ್ಟಗೆ ಕಡಿದ ದರೆಯ ತಲೆಯಲ್ಲಿ ಗುಂಡಿ ತೋಡಬೇಡಿ. ಮುರಕಲ್ಲಿನ ಅಡಿಯ ಜೇಡಿ ನೀರು ಕುಡಿದು ಜಾರಿದರೆ ಗುಡ್ಡೆಯೇ ಕೆಳಗೆ ಬರುತ್ತದೆ. ಮೇಲಿನ ಕಲ್ಲು ಹಾಗೇ ಇದ್ದು ಒಳಗಿನ ಮೆತ್ತಗಿನ ಮಣ್ಣು ಮಾತ್ರ ಕೊಚ್ಚಿಹೋಗಿ ನೆಲದಡಿ ಪೊಳ್ಳು ಕೊಳವೆಗಳಾಗುವುದೂ ಜಿಲ್ಲೆಯ ಪೂರ್ವದ ಗುಡ್ಡೆಗಳಲ್ಲಿ ಕಂಡುಬಂದಿದೆ. ಮಳೆಗಾಲದಲ್ಲಿ ಗುಡ್ಡೆಯ ಬುಡದ ಒಸರು ಇದ್ದಕ್ಕಿದ್ದಂತೆ ಕೆಸರು ಬಣ್ಣಕ್ಕೆ ತಿರುಗಿದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ಮೇಲಿನ ಗುಂಡಿಗಳಿಗೆ ಬರುವ ನೀರನ್ನು ಕೂಡಲೇ ಬೇರೆ ಕಡೆ ತಿರುಗಿಸಿ, ಪಂಚಾಯತಿಗೂ ಗ್ರಾಮ ಕಚೇರಿಗೂ ತಿಳಿಸಿ, ಬರೆಯ ಅಡಿಯಲ್ಲಿರುವ ಮನೆಯವರು ಆ ರಾತ್ರಿ ಬೇರೆ ಕಡೆ ಮಲಗಲಿ. ಕಡಿದಾದ ಜಾಗದಲ್ಲಿ ಮರ, ಹುಲ್ಲು, ಲಾವಂಚ ಸಾಕು.

ಸುರಂಗ ಇದ್ದವರಿಗೆ

ಹೊಸ ಸುರಂಗ ಕೊರೆಯುವುದನ್ನು ಓದಿ ಕಲಿಯಲು ಆಗುವುದಿಲ್ಲ. ಅದಕ್ಕೆ ನೆಲ ಓದಬಲ್ಲ ಪಳಗಿದ ಕೈಯೇ ಬೇಕು, ಅಂಥವರು ಈಗ ಬೆರಳೆಣಿಕೆಯಷ್ಟು. ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು ಬೋಳುಗುಡ್ಡೆಯನ್ನು ತೋಟ ಮಾಡಿದವರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೂ ಮೊದಮೊದಲ ಸುರಂಗಗಳಲ್ಲಿ ನೀರು ಸಿಕ್ಕಿರಲಿಲ್ಲ. ನೀರು ಸಿಕ್ಕ ಮೇಲೆ ಅವರು ಮಾಡಿದ್ದು ಕೊರೆದಷ್ಟೇ ಮುಖ್ಯ: ಅದನ್ನು ಟ್ಯಾಂಕಿಯಲ್ಲಿ ಕೂಡಿಟ್ಟು, ಪಂಪಿಲ್ಲದೆ ಇಳಿಜಾರಿನಲ್ಲೇ ಗಿಡಗಳಿಗೆ ಹರಿಸಿದ್ದು.

ಹಳೆಯ ಸುರಂಗವಿದ್ದರೆ ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ, ತಳದ ಕೆಸರು ತೆಗೆಸಿ. ಉರಿಯುವ ಮೋಂಬತ್ತಿ ಹಿಡಿದು ಹೋಗಬೇಕು, ಮಂಕಾದರೆ ಹಿಂದೆ ಬರಬೇಕು, ಹೊರಗೆ ಒಬ್ಬರು ನಿಂತಿರಲೇಬೇಕು. ಮಳೆಗಾಲದಲ್ಲಿ, ಹಾಗೂ ಗೋಡೆಯಿಂದ ಹೊಸ ಮಣ್ಣು ಉದುರಿದ್ದು ಕಂಡರೆ, ಒಳಗೆ ಹೋಗಲೇಬೇಡಿ. ಬಾಯಿಗಿಂತ ಸ್ವಲ್ಪ ಒಳಗೆ ಜೇಡಿಯ ಮೊಣಕಾಲೆತ್ತರದ ಒಡ್ಡು ಹಾಕಿ ಅದರ ಮೂಲಕ ಪೈಪು ತೂರಿಸಿದರೆ ಎಲೆಕಸ ಬರದೆ ನೀರು ನೇರ ಕೆರೆಗೆ ಇಳಿಯುತ್ತದೆ. ಸುರಂಗದ ಮೇಲ್ಭಾಗದಲ್ಲಿ ಕೊಳವೆಬಾವಿ ಕೊರೆಯುವ ಯೋಚನೆ ಇದ್ದರೆ ಮನೆಯವರೆಲ್ಲ ಕೂತು ಎರಡು ಸಲ ಮಾತಾಡಿ. ಸುರಂಗಕ್ಕೆ ಕರೆಂಟು ಬಿಲ್ಲು ಬರುವುದಿಲ್ಲ.

ಕೆರೆ

ಬೈಲಿನ ತಗ್ಗಿನಲ್ಲಿ ಒರತೆ ಇರುವ ಕಡೆ ತೋಡಿದ ಕೆರೆಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಸಾಮಾನ್ಯ ಕೆರೆ, ಬದಿಗೆ ಕೆಂಪುಕಲ್ಲು, ಇಳಿಯಲು ಮೆಟ್ಟಿಲು. ಎಪ್ರಿಲ್ ಕೊನೆಯಲ್ಲಿ ತೋಡಿದರೆ ಒರತೆಯ ನಿಜ ಆಳ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ತೋಡಿ ನೀರು ಕಂಡು ನಿಲ್ಲಿಸಿದ ಕೆರೆ ಮಾರ್ಚಿನಲ್ಲಿ ಒಣಗುತ್ತದೆ.

ಗುಡ್ಡೆಯಲ್ಲಿ ಹಾಳೆ ಹಾಸಿದ ಕೆರೆಗೆ ಮಾತ್ರ ಲೆಕ್ಕ ಬೇಕು. ಮೇಲೆ 15 ಮೀಟರ್ ಚೌಕ, ಮೂರು ಮೀಟರ್ ಆಳ, ಬದಿ ಒಂದಕ್ಕೊಂದು ಇಳಿಜಾರು ಎಂದಿಟ್ಟುಕೊಳ್ಳಿ. ತಳ 9 ಮೀಟರ್ ಚೌಕ ಆಗುತ್ತದೆ, ಹಿಡಿಯುವ ನೀರು 4.41 ಲಕ್ಷ ಲೀಟರ್. ದಿನಕ್ಕೆ 8,800ರಂತೆ ಒಂದು ಎಕರೆಗೆ 50 ದಿನ. ಹಾಳೆ ಮಾರುವವರು ಲೆಕ್ಕವನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕೈದು ಮಿ.ಮೀ. ಆರುತ್ತದೆ, 225 ಚದರ ಮೀಟರಿನ ಮೇಲೆ ಅದು ಸಾವಿರ ಲೀಟರ್. ನವೆಂಬರಿನಿಂದ ಮಾರ್ಚ್‌ವರೆಗೆ ಮುಟ್ಟದೆ ಇಟ್ಟರೆ ಹತ್ತಿರಹತ್ತಿರ ಒಂದೂವರೆ ಲಕ್ಷ ಲೀಟರ್ ಆಕಾಶಕ್ಕೆ ಹೋಯಿತು. ಎಪ್ರಿಲಿನಲ್ಲಿ ಕೈಗೆ ಸಿಗುವುದು ಒಂದು ತಿಂಗಳ ನೀರು.

ಇದಕ್ಕೆ ಉಪಾಯ ಎರಡು. ತೋಡಿನಲ್ಲೋ ಸುರಂಗದಲ್ಲೋ ನೀರು ಇರುವವರೆಗೆ ತೋಟಕ್ಕೆ ಅದನ್ನೇ ಕೊಡಿ, ಉಳಿದದ್ದರಿಂದ ಕೆರೆಯನ್ನು ತುಂಬುತ್ತಲೇ ಇರಿ, ಫೆಬ್ರವರಿ ಕೊನೆಗೆ ಕೆರೆ ಕಂಠಮಟ್ಟ ಇರಬೇಕು. ಮತ್ತೊಂದು, ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸುವುದು, ಮೇಲೆ ತಂತಿ ಎಳೆದು ನೆರಳುಬಲೆ ಹಾಕುವುದು.

ತುಂಬಿಸುವ ಬಗ್ಗೆ ಚಿಂತೆ ಬೇಡ. ಕೆರೆಯ ಸರಾಸರಿ ಆಳ ಎರಡು ಮೀಟರ್, ಆಕಾಶದಿಂದ ಬೀಳುವುದು ಮೂರೂವರೆ ಮೀಟರ್. ಗುಡ್ಡೆಯ ಕೆಸರುನೀರನ್ನು ಕಣಿ ಮಾಡಿ ಒಳಗೆ ಬಿಡುವ ಅಗತ್ಯವೇ ಇಲ್ಲ, ತನ್ನ ಮೇಲೆ ಬಿದ್ದ ಮಳೆಯಿಂದಲೇ ಅದು ತುಂಬುತ್ತದೆ. ಬಯಲುಸೀಮೆಯ ಕೃಷಿಹೊಂಡದ ನಕ್ಷೆ ನೋಡಿ ಕಟ್ಟುವವರು ಇದನ್ನು ಗಮನಿಸುವುದಿಲ್ಲ. ಅಲ್ಲಿ ಹೊರಗಿನ ನೀರು ಒಳಗೆ ತರುವುದು ಸಮಸ್ಯೆ, ಇಲ್ಲಿ ಒಳಗೆ ಬರದಂತೆ ತಡೆಯುವುದು. ಸುತ್ತಲೂ ಒಂದಡಿ ಎತ್ತರದ ದಿಂಡು, ಹೊರಬದಿಗೆ ಕಣಿ, ಒಂದು ಮೂಲೆಯಲ್ಲಿ ಹೆಚ್ಚಾದದ್ದು ಹೊರಹೋಗಲು ದಪ್ಪ ಪೈಪು, ಅದರ ಬಾಯಿ ಕಲ್ಲು ಹಾಸಿದ ಜಾಗಕ್ಕೆ.

ಕೆಲಸದ ಕ್ರಮ ಹೀಗೆ. ಮಾರ್ಚ್-ಎಪ್ರಿಲಿನಲ್ಲಿ ತೋಡಿಸಿ. ಮಣ್ಣು ತುಂಬಿ ಸಮ ಮಾಡಿದ ಜಾಗ ಬೇಡ, ಕುಸಿಯುತ್ತದೆ. ಗುಡ್ಡೆಯ ಅಂಚೂ ಬೇಡ. ಬದಿಯಲ್ಲಿ ಹೊರಗೆ ಚಾಚಿದ ಕಲ್ಲು, ಬೇರು ಎಲ್ಲ ತೆಗೆದು ಜೇಡಿ ಸಾರಿಸಿ. ಮುರಕಲ್ಲಿನ ಮೂಲೆ ಚೂರಿಯಷ್ಟೇ ಹರಿತ, ಮೊದಲು ಹಳೆ ಗೋಣಿ ಅಥವಾ ಹಳೆ ಟಾರ್ಪಾಲು ಹಾಸಿ. ಈ ಅಳತೆಗೆ ಹಾಳೆ 19.5 ಮೀಟರ್ ಚೌಕ ಬೇಕು: ತಳ 9, ಎರಡು ಬದಿಯ ಇಳಿಜಾರು ತಲಾ 4.25, ಅಂಚಿನ ಕಣಿಗೆ ತಲಾ ಒಂದು. 500 ಮೈಕ್ರಾನಿನ ಎಚ್‌ಡಿಪಿಇ ಹಾಳೆ ತೆಗೆದುಕೊಳ್ಳಿ, ಅಂಗಡಿಯಲ್ಲೇ ಬೆಸೆದು ಒಂದೇ ತುಂಡು ಮಾಡಿ ಕೊಡುತ್ತಾರೆ. ಬಿಸಿಲು ಏರುವ ಮೊದಲು, ಬರಿಗಾಲಿನಲ್ಲಿ ಇಳಿದು, ಎಳೆದು ಬಿಗಿಮಾಡದೆ ಸಡಿಲವಾಗಿ ಹಾಸಿ. ನೀರಿನ ಭಾರ ಬಂದಾಗ ಅದೇ ಕೂತುಕೊಳ್ಳುತ್ತದೆ. ಅಂಚನ್ನು ಒಂದಡಿ ಕಣಿಯಲ್ಲಿ ಹೂತು ಮಣ್ಣು ಗುದ್ದಿ.

ಬೇಲಿ ಹಾಕುವುದನ್ನು ‘ಮುಂದಿನ ವರ್ಷ’ಕ್ಕೆ ಇಡಬೇಡಿ. ಹಾಳೆಯ ಮೇಲೆ ಪಾಚಿ ಬಂದರೆ ಈಜು ಗೊತ್ತಿದ್ದವರಿಗೂ ಹತ್ತಿಬರಲು ಆಗುವುದಿಲ್ಲ. ನಾಲ್ಕೂ ಬದಿಗೆ ಗಂಟುಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಬಿಟ್ಟಿರಿ. ಸೊಳ್ಳೆಗೆ ಗಪ್ಪಿ ಮೀನು ಬಿಡಿ. ಕೆರೆಯ ನೀರಿಗೆ ಹನಿ ನೀರಾವರಿಯೇ ಆಗಬೇಕು. ಸ್ಪ್ರಿಂಕ್ಲರಿಗೆ ಕೊಟ್ಟರೆ ಈ ಖರ್ಚೆಲ್ಲ ವ್ಯರ್ಥ. ಮರದ ಬುಡಕ್ಕೆ ಸೋಗೆ, ಅಡಿಕೆ ಹಾಳೆ, ಸೊಪ್ಪು ದಪ್ಪಕ್ಕೆ ಮುಚ್ಚಿ.

ತೋಡಿಗೆ ಕಟ್ಟ

ಕಟ್ಟ, ಅಂದರೆ ಬೇಸಿಗೆಗಾಗಿ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು, ನಮ್ಮ ನೆಲದ್ದೇ ವಿದ್ಯೆ. ಸುಗ್ಗಿ, ಕೊಳಕೆ ಎಂಬ ಭತ್ತದ ಎರಡನೇ, ಮೂರನೇ ಬೆಳೆ ಇದ್ದ ಕಾಲದಲ್ಲಿ ಊರೇ ಸೇರಿ ಕಟ್ಟುತ್ತಿತ್ತು. ಗದ್ದೆ ಹೋಗಿ ತೋಟ ಬಂತು, ಪಂಪು ಬಂತು, ಕಟ್ಟ ಬಿಟ್ಟುಹೋಯಿತು. ಏತಡ್ಕದಂಥ ಕೆಲವು ಕಡೆ ಬಿಡದೆ ಕಟ್ಟುತ್ತ ಬಂದರು. ಎಣ್ಮಕಜೆಯ ಪತ್ರಕರ್ತ ಶ್ರೀಪಡ್ರೆಯವರು ಇದರ ಬಗ್ಗೆ ದಶಕಗಳಿಂದ ಬರೆಯುತ್ತ, ಹೇಳುತ್ತ ಬಂದಿದ್ದಾರೆ. ಈಗ ಮತ್ತೆ ಅಲ್ಲಲ್ಲಿ ಶುರುವಾಗಿದೆ.

ಕಾಲ: ಹಿಂಗಾರು ಪೂರ್ತಿ ನಿಂತ ಮೇಲೆ, ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ. ಮೊದಲು ಕಟ್ಟಿದರೆ ಒಂದು ಗುಡುಗುಮಳೆಗೆ ಹೋಗುತ್ತದೆ. ಜನವರಿಗೆ ಎಳೆದರೆ ತೋಡಿನಲ್ಲಿ ತುಂಬಲು ನೀರೇ ಇರುವುದಿಲ್ಲ. ಕಿಂಡಿ ಅಣೆಕಟ್ಟಿನ ಹಲಗೆಗೂ ಇದೇ ಮಾತು. ಹಲಗೆ ಯಾರ ಕೊಟ್ಟಿಗೆಯಲ್ಲಿದೆ ಎಂದು ಅಕ್ಟೋಬರಿನಲ್ಲೇ ಹುಡುಕಿಡಿ. ಹಲಗೆ ಕಾಣೆಯಾಗಿ ಬರಿಯ ಕಂಬ ನಿಂತ ಅಣೆಕಟ್ಟುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಜಾಗ: ತೋಡು ಸಪೂರ ಇದ್ದು ಎರಡೂ ದಡ ಗಟ್ಟಿ ಇರುವಲ್ಲಿ, ತಿರುವು ಇಲ್ಲದ ಕಡೆ. ತಳದಲ್ಲಿ ಬಂಡೆ ಇದ್ದರೆ ಉತ್ತಮ. ಎತ್ತರ ನಾಲ್ಕೈದು ಅಡಿ ಸಾಕು. ತುಂಬಿದಾಗ ನೀರಿನ ಮಟ್ಟ ಪಕ್ಕದ ತೋಟದ ನೆಲಕ್ಕಿಂತ ಎರಡಡಿಯಾದರೂ ಕೆಳಗಿರಬೇಕು. ಅಡಿಕೆಯ ಬೇರಿಗೆ ನೀರು ಬೇಕು, ನಿಂತ ನೀರು ಬೇಡ. ಎತ್ತರದ ಒಂದೇ ಕಟ್ಟಕ್ಕಿಂತ ಗಿಡ್ಡವಾದ ನಾಲ್ಕು ಮೇಲು: ಕೆಳಗಿನ ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡಕ್ಕೆ ತಾಗುವಂತೆ.

ಕಟ್ಟುವುದು: ತಳದ ಮರಳು, ಎಲೆ, ಸಡಿಲ ಕಲ್ಲು ಬಾಚಿ ಗಟ್ಟಿ ನೆಲ ಕಾಣುವವರೆಗೆ ಕೆರೆಯಿರಿ. ದಡದೊಳಕ್ಕೂ ಎರಡಡಿ ಕಡಿದು ಕಟ್ಟದ ತುದಿಯನ್ನು ಅದರೊಳಗೆ ಕೂರಿಸಬೇಕು. ಕಟ್ಟ ಸೋರುವುದು ನಡುವಿನಲ್ಲಲ್ಲ, ದಡ ಸೇರುವಲ್ಲಿ. ಸಿಮೆಂಟಿನ ಹಳೆ ಚೀಲಗಳಿಗೆ ಮುಕ್ಕಾಲು ಭಾಗ ಮಾತ್ರ ಮಣ್ಣು ತುಂಬಿ ಹೊಲಿಯಿರಿ. ಬಿಗಿಯಾಗಿ ತುಂಬಿದರೆ ಚೀಲ ಉರುಟಾಗಿ ಎಡೆ ಉಳಿಯುತ್ತದೆ. ಮೂರಡಿ ಅಂತರದಲ್ಲಿ ಎರಡು ಸಾಲು, ಮೇಲಿನ ಚೀಲ ಕೆಳಗಿನ ಎರಡರ ಸಂದಿಯ ಮೇಲೆ ಬರುವಂತೆ ಪೇರಿಸಿ, ನಡುವೆ ಜೇಡಿ ಸುರಿದು ನೀರು ಚಿಮುಕಿಸಿ ತುಳಿಯುತ್ತ ಬನ್ನಿ. ಈ ತುಳಿತದಲ್ಲಿ ಉದಾಸೀನ ಮಾಡಿದರೆ ಉಳಿದದ್ದೆಲ್ಲ ದಂಡ. ಚೀಲ ಸಿಗದಿದ್ದರೆ ಅಡಿಕೆ ಮರದ ಸಲಾಕೆಗಳನ್ನು ಎರಡು ಸಾಲಿನ ಗೂಟಗಳ ಒಳಬದಿಗೆ ಅಡ್ಡ ಜೋಡಿಸಿ ನಡುವೆ ಮಣ್ಣು ತುಂಬಬಹುದು. ಇನ್ನೂ ಸುಲಭದ್ದು ಬೇಕೆಂದರೆ ಕಾಡುಕಲ್ಲಿನ ಒಡ್ಡು ಹಾಕಿ, ನೀರು ಬರುವ ಬದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದೆಸಿ, ಅದರ ಕಾಲನ್ನು ತಳದಲ್ಲಿ ಎರಡಡಿ ಮುಂದಕ್ಕೆ ಚಾಚಿ ಜೇಡಿಯಲ್ಲಿ ಹೂತುಬಿಡಿ.

ನಡುಭಾಗ ಬದಿಗಳಿಗಿಂತ ಅರ್ಧ ಅಡಿ ತಗ್ಗು ಇರಲಿ, ತುಂಬಿದ ನೀರು ಅಲ್ಲಿಂದ ಬೀಳಬೇಕು. ಬೀಳುವ ಜಾಗಕ್ಕೆ ದೊಡ್ಡ ಕಲ್ಲುಗಳನ್ನು ಹಾಕಿ, ಇಲ್ಲವಾದರೆ ಬುಡ ಕೊರೆಯುತ್ತದೆ. ತುಂಬಿದ ಎರಡು ಮೂರು ದಿನ ದಿನಾ ಹೋಗಿ ನೋಡಿ. ಸೋರುವ ಕಡೆ ನೀರಿನ ಬದಿಯಿಂದ ಜೇಡಿ-ಹುಲ್ಲು ಕಲಸಿ ತುರುಕಬೇಕು, ಹೊರಬದಿಯಿಂದ ತುರುಕಿದರೆ ನಿಲ್ಲುವುದಿಲ್ಲ.

ಮಣ್ಣಿನ ಕೆಲಸಕ್ಕಿಂತ ಕಷ್ಟದ್ದು ನೆರೆಕರೆಯ ಮಾತು. ಕಟ್ಟುವ ಮೊದಲೇ ಮೂರು ವಿಷಯ ತೀರ್ಮಾನ ಆಗಲಿ. ಖರ್ಚು ಎಕರೆ ಲೆಕ್ಕದಲ್ಲಿ, ಕೂಲಿಗೆ ಬರಲಾಗದವರು ದುಡ್ಡು ಕೊಡಲಿ. ಕಟ್ಟದಿಂದ ನೇರ ಪಂಪು ಇಡುವವರು ದಿನ ಬಿಟ್ಟು ದಿನ, ಹೊತ್ತು ನಿಗದಿ ಮಾಡಿ ಎತ್ತಲಿ. ಎಲ್ಲರೂ ಒಂದೇ ಬೆಳಗ್ಗೆ ಪಂಪು ಹಾಕಿದರೆ ಕಟ್ಟ ಸಂಜೆಗೆ ಖಾಲಿ, ಬಾವಿಗಳಿಗೆ ಏನೂ ಸಿಗದು. ಮತ್ತೆ, ತುಂಬಿದ ಮೇಲೆ ಬಂದಷ್ಟೂ ನೀರು ಕೆಳಗಿನವರದ್ದು. ಒಂದೇ ತೋಡಿಗೆ ಹಲವು ಕಟ್ಟ ಆಗುವುದಾದರೆ ಕೆಳಗಿನದ್ದನ್ನು ಮೊದಲು ಕಟ್ಟಿ, ಅದು ತುಂಬಿದ ಮೇಲೆ ಅದರ ಮೇಲಿನದ್ದು. ಆಗ ‘ಮೇಲಿನವರು ನೀರು ನಿಲ್ಲಿಸಿದರು’ ಎಂಬ ಮಾತಿಗೆ ಎಡೆಯೇ ಇರುವುದಿಲ್ಲ.

ಬಿಚ್ಚುವುದು ಮೇ ನಡುವಿನಲ್ಲಿ, ತುಳುನಾಡಿನ ಪತ್ತನಾಜೆಗೆ (ಮೇ 24ರ ಸುಮಾರಿಗೆ) ಮೊದಲು. ಆಗಲೂ ಕೆಳಗಿನ ಕಟ್ಟದಿಂದಲೇ ಶುರು. ಮೇಲಿನದ್ದನ್ನು ಮೊದಲು ಬಿಚ್ಚಿದರೆ ಆ ನೀರೆಲ್ಲ ಒಮ್ಮೆಲೇ ಬಂದು ಕೆಳಗಿನದ್ದನ್ನು ದಡಸಮೇತ ಎಳೆದೊಯ್ಯುತ್ತದೆ. ನಡುವಿನ ಒಂದು ಸಾಲು ಚೀಲ ತೆಗೆದು ನೀರು ತಗ್ಗಿದ ಮೇಲೆ ಉಳಿದದ್ದು. ಚೀಲದ ಮಣ್ಣನ್ನು ತೋಡಿಗೆ ಸುರಿಯದೆ ತೋಟಕ್ಕೆ ಹಾಕಿ, ಹರಿದ ಚೀಲಗಳನ್ನು ತೋಡಿನಲ್ಲಿ ಬಿಡಬೇಡಿ. ಕಲ್ಲುಗಳನ್ನು ನೆರೆನೀರು ಮುಟ್ಟದ ಎತ್ತರಕ್ಕೆ ರಾಶಿ ಹಾಕಿ. ಹಾಳೆಯನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಸುರುಳಿ ಸುತ್ತಿ, ಇಲಿ ಮುಟ್ಟದಂತೆ ಅಟ್ಟದ ಜಂತಿಗೆ ನೇತುಹಾಕಿ. ಕಿಂಡಿಯ ಹಲಗೆ ಯಾರ ಮನೆಗೆ ಹೋಯಿತು ಎಂದು ಮಳೆಲೆಕ್ಕದ ಡೈರಿಯಲ್ಲೇ ಬರೆದಿಡಿ.